ದುರಂತದ ಮೊದಲ ಗಂಟೆಗಳಲ್ಲಿ ಸುದ್ದಿ ಎಲ್ಲಿ ತಪ್ಪುತ್ತದೆ?

2021ರ ಜೂನ್ 14, ಸೋಮವಾರ. ನಟ ಸಂಚಾರಿ ವಿಜಯ್ ಇನ್ನಿಲ್ಲ ಎಂಬ ಸುದ್ದಿ ಅವತ್ತು ಕರ್ನಾಟಕದ ತುಂಬ ಓಡಾಡಿತು. ಟಿವಿಯಲ್ಲಿ, ವೆಬ್‌ಸೈಟ್‌ಗಳಲ್ಲಿ, ವಾಟ್ಸ್ಯಾಪ್ ಸ್ಟೇಟಸ್‌ಗಳಲ್ಲಿ ಅವರ ಫೋಟೊ, ಕೆಳಗೆ ಶ್ರದ್ಧಾಂಜಲಿ. ಚಿತ್ರರಂಗದ ದೊಡ್ಡವರೂ ಸಂತಾಪದ ಟ್ವೀಟ್ ಹಾಕಿದರು. ಆ ಹೊತ್ತಿನಲ್ಲಿ ವಿಜಯ್ ಬೆಂಗಳೂರಿನ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದರು. ಎರಡು ದಿನ ಹಿಂದಷ್ಟೇ, 12ರ ರಾತ್ರಿ, ಜೆ.ಪಿ. ನಗರದಲ್ಲಿ ಗೆಳೆಯನ ಬೈಕಿನ ಹಿಂದೆ ಕೂತು ಹೋಗುವಾಗ ಬಿದ್ದು ತಲೆಗೆ ತೀವ್ರ ಪೆಟ್ಟಾಗಿತ್ತು. ಮಿದುಳು ಕೆಲಸ ನಿಲ್ಲಿಸಿದೆ, ಕುಟುಂಬದವರು ಅಂಗಾಂಗ ದಾನಕ್ಕೆ ಒಪ್ಪಿದ್ದಾರೆ ಎಂದು ಆಸ್ಪತ್ರೆ ಹೇಳಿತ್ತು. ತೀರಿಕೊಂಡಿದ್ದಾರೆ ಎಂದು ಅಧಿಕೃತವಾಗಿ ಪ್ರಕಟವಾದದ್ದು 15ರ ನಸುಕಿನಲ್ಲಿ.

ಒಂದು ರಾತ್ರಿ ಹಿಂದೆಮುಂದೆ ಆಯಿತು, ಕೊನೆಗೆ ನಡೆದದ್ದು ಅದೇ ಅಲ್ಲವೇ ಎಂದು ಅಂದೂ ಕೆಲವರು ಕೇಳಿದ್ದರು, ಈಗಲೂ ಕೇಳುತ್ತಾರೆ. ಆ ಒಂದು ರಾತ್ರಿಯಲ್ಲಿ ಏನೇನಿತ್ತು ಎಂದು ನೋಡಿದರೆ ಹಾಗೆ ಕೇಳಲು ಮನಸ್ಸು ಬರಲಾರದು.

ನಮ್ಮ ದೇಶದಲ್ಲಿ 1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಮಿದುಳುಕಾಂಡದ ಸಾವನ್ನು ಯಾವುದೋ ಒಬ್ಬ ವೈದ್ಯರು ಬಾಯಿಮಾತಿನಲ್ಲಿ ಘೋಷಿಸುವಂತಿಲ್ಲ. ನಾಲ್ವರು ವೈದ್ಯರ ತಂಡ ಪರೀಕ್ಷೆ ಮಾಡಬೇಕು. ಕನಿಷ್ಠ ಆರು ಗಂಟೆ ಕಳೆದ ಮೇಲೆ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕು. ವೆಂಟಿಲೇಟರ್ ನೆರವನ್ನು ಸ್ವಲ್ಪ ಹೊತ್ತು ತೆಗೆದು, ರೋಗಿ ತಾನಾಗಿ ಉಸಿರೆಳೆಯುತ್ತಾರೆಯೇ ಎಂದು ನೋಡುವುದೂ ಅದರಲ್ಲಿ ಸೇರಿದೆ. ಎರಡೂ ಸಲ ಉತ್ತರ ಒಂದೇ ಬಂದಾಗ ಮಾತ್ರ ಅದು ಕಾನೂನಿನ ಕಣ್ಣಲ್ಲಿ ಸಾವು. ಈ ಆರು ಗಂಟೆಯ ಅಂತರ ಇರುವುದು ಪರೀಕ್ಷೆಯ ಫಲ ಖಚಿತವಾಗಲಿ, ಮನೆಯವರಿಗೂ ಸಮಾಜಕ್ಕೂ ನಂಬಿಕೆ ಬರಲಿ ಎಂದು. ಬದುಕಿರುವವರ ಅಂಗಾಂಗ ತೆಗೆದುಬಿಡುತ್ತಾರೆ ಎಂಬ ಹೆದರಿಕೆ ನಮ್ಮ ಹಳ್ಳಿಗಳಲ್ಲೂ ನಗರಗಳಲ್ಲೂ ಇನ್ನೂ ಹೋಗಿಲ್ಲ. ಅಂಥ ಕಡೆ ಟಿವಿ ಮೊದಲು 'ಸತ್ತರು' ಎಂದು, ಆಮೇಲೆ 'ಇಲ್ಲ, ಐಸಿಯುನಲ್ಲಿದ್ದಾರೆ' ಎಂದು, ಮರುದಿನ ಮತ್ತೆ 'ಸತ್ತರು' ಎಂದು ಹೇಳಿದರೆ ನೋಡುವವರ ಮನಸ್ಸಿನಲ್ಲಿ ಏನುಳಿಯುತ್ತದೆ? ಇದ್ದಕ್ಕಿದ್ದಂತೆ ಅಣ್ಣನನ್ನೋ ತಮ್ಮನನ್ನೋ ಕಳೆದುಕೊಳ್ಳುತ್ತಿರುವ ಮನೆಯವರು ತಮ್ಮ ದುಃಖದ ನಡುವೆಯೂ ದೊಡ್ಡ ತೀರ್ಮಾನ ಮಾಡಿರುತ್ತಾರೆ. ಅದರ ಸುತ್ತ ಅನುಮಾನದ ಹೊಗೆ ಎದ್ದರೆ ಮುಂದಿನ ಕುಟುಂಬ ಆ ತೀರ್ಮಾನಕ್ಕೆ ಹಿಂಜರಿಯುತ್ತದೆ.

ಇದು ಒಮ್ಮೆ ಆಗಿ ಮುಗಿದ ಸಂಗತಿಯೂ ಅಲ್ಲ. 2025ರ ನವೆಂಬರ್ 11ರಂದು ಹಿಂದಿ ನಟ ಧರ್ಮೇಂದ್ರ ತೀರಿಕೊಂಡರು ಎಂದು ದೇಶದ ದೊಡ್ಡ ಚಾನೆಲ್‌ಗಳು ಹೇಳಿದವು. ಚಿಕಿತ್ಸೆಗೆ ಸ್ಪಂದಿಸುತ್ತಿರುವ ಮನುಷ್ಯನ ಬಗ್ಗೆ ಹೀಗೆ ಸುಳ್ಳು ಹಬ್ಬಿಸುವುದು ಕ್ಷಮಿಸುವಂಥದ್ದಲ್ಲ ಎಂದು ಹೇಮಾಮಾಲಿನಿ ಬಹಿರಂಗವಾಗಿ ಬರೆಯಬೇಕಾಯಿತು. ಧರ್ಮೇಂದ್ರ ತೀರಿಕೊಂಡದ್ದು ಅದೇ ತಿಂಗಳ 24ರಂದು. ಗಂಡ ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿನಲ್ಲಿ ಹೆಂಡತಿ 'ಅವರು ಬದುಕಿದ್ದಾರೆ' ಎಂದು ದೇಶಕ್ಕೆ ಸಾಕ್ಷಿ ಹೇಳಬೇಕಾಗಿ ಬಂದದ್ದನ್ನು ನೆನೆದರೆ ಸಂಕಟವಾಗುತ್ತದೆ.

ಈ ಎರಡೂ ಸಂದರ್ಭದಲ್ಲಿ ಸುಳ್ಳು ಹೇಳಲೇಬೇಕೆಂದು ಯಾರೂ ಹೊರಟಿರಲಿಲ್ಲ. ದುರಂತದ ವೇಳೆ ಹಬ್ಬುವ ತಪ್ಪು ಸುದ್ದಿಗಳಲ್ಲಿ ಬಹಳಷ್ಟು ಹುಟ್ಟುವುದು ಸುಳ್ಳುಗಾರರಿಂದಲ್ಲ. ಸ್ಥಳದ ಹತ್ತಿರ ಇದ್ದು, ವಿಷಯ ಮಾತ್ರ ಖಚಿತವಾಗಿ ಗೊತ್ತಿಲ್ಲದವರಿಂದ ಅವು ಹುಟ್ಟುತ್ತವೆ. ಒಳಗಿನಿಂದ ಬಂದ ಒಬ್ಬರು 'ಏನೂ ಉಳಿದಿಲ್ಲ' ಎನ್ನುತ್ತಾರೆ. ಗೇಟಿನಲ್ಲಿ ನಿಂತವರು ಅದನ್ನು 'ಹೋಗಿಬಿಟ್ಟರಂತೆ' ಎಂದು ಕೇಳಿಸಿಕೊಳ್ಳುತ್ತಾರೆ. ಸುದ್ದಿಮನೆಗೆ ಮುಟ್ಟುವಾಗ 'ಅಂತೆ' ಬಿದ್ದುಹೋಗಿರುತ್ತದೆ. ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತಾಯಿತು ಎಂಬ ಎರಡು ಪ್ರಶ್ನೆಗಳನ್ನು ನಡುವೆ ಎಲ್ಲಿಯಾದರೂ ಯಾರಾದರೂ ಕೇಳಿದ್ದರೆ ಸುದ್ದಿ ಅಲ್ಲೇ ನಿಲ್ಲುತ್ತಿತ್ತು.

ಎರಡು ಮೂಲಗಳಿಂದ ಖಚಿತಪಡಿಸಿಕೊಂಡರೆ ಸಾಕು ಎಂದು ಪತ್ರಿಕೋದ್ಯಮದ ತರಗತಿಗಳಲ್ಲಿ ಹೇಳಿಕೊಡುತ್ತಾರೆ. ಸಾಲದು ಎಂಬುದಕ್ಕೆ ಅಮೆರಿಕದ ಟೂಸಾನ್‌ನಲ್ಲಿ ನಡೆದದ್ದನ್ನು ನೋಡಬೇಕು. 2011ರ ಜನವರಿ 8ರ ಶನಿವಾರ ಬೆಳಿಗ್ಗೆ, ಸಂಸದೆ ಗೇಬ್ರಿಯೆಲ್ ಗಿಫರ್ಡ್ಸ್ ಸೂಪರ್‌ಮಾರ್ಕೆಟ್ ಒಂದರ ಮುಂದೆ ಮತದಾರರನ್ನು ಭೇಟಿ ಮಾಡುತ್ತಿದ್ದಾಗ ಒಬ್ಬ ಗುಂಡು ಹಾರಿಸಿದ. ಆರು ಜನ ಸತ್ತರು. ತಲೆಗೆ ಗುಂಡು ಬಿದ್ದಿದ್ದ ಗಿಫರ್ಡ್ಸ್ ಅವರನ್ನು ಆಸ್ಪತ್ರೆಗೆ ಸೇರಿಸಿದ ಕೆಲವೇ ಗಂಟೆಗಳಲ್ಲಿ ಸಾರ್ವಜನಿಕ ರೇಡಿಯೊ ಸಂಸ್ಥೆ ಎನ್‌ಪಿಆರ್ ಅವರು ಮೃತಪಟ್ಟರೆಂದು ಪ್ರಸಾರ ಮಾಡಿತು. ಅವಸರಕ್ಕೆ ಹೆಸರಾದ ಸಂಸ್ಥೆಯಲ್ಲ ಅದು. ಅವರ ಬಳಿ ಎರಡು ಮೂಲಗಳಿದ್ದವು: ಒಂದು ಸ್ಥಳೀಯ ಶೆರಿಫ್ ಕಚೇರಿ, ಇನ್ನೊಂದು ಸಂಸದರೊಬ್ಬರ ಕಚೇರಿ. ಕೇಳಲು ಗಟ್ಟಿ ಮೂಲಗಳೇ. ಆದರೆ ಇಬ್ಬರಲ್ಲಿ ಯಾರೂ ಆಪರೇಷನ್ ಥಿಯೇಟರಿನ ಹತ್ತಿರವೂ ಇರಲಿಲ್ಲ, ವೈದ್ಯರ ಜೊತೆ ಮಾತಾಡಿರಲಿಲ್ಲ. ಇಬ್ಬರೂ ಬೇರೆ ಯಾರಿಂದಲೋ ಕೇಳಿದ್ದನ್ನು ಹೇಳಿದ್ದರು. ಎನ್‌ಪಿಆರ್ ಹೇಳಿತು ಎಂಬ ಕಾರಣಕ್ಕೆ ಸಿಎನ್‌ಎನ್, ಫಾಕ್ಸ್, ನ್ಯೂಯಾರ್ಕ್ ಟೈಮ್ಸ್ ವೆಬ್‌ಸೈಟ್ ಎಲ್ಲವೂ ಹೇಳಿದವು. ಕೆಲವೇ ನಿಮಿಷಗಳಲ್ಲಿ ಇಡೀ ದೇಶಕ್ಕೆ ಅದು ಖಚಿತ ಸುದ್ದಿಯಾಯಿತು.

ಗಿಫರ್ಡ್ಸ್ ಅವರ ಪತಿ, ಗಗನಯಾತ್ರಿ ಮಾರ್ಕ್ ಕೆಲಿ, ಆಗ ಹ್ಯೂಸ್ಟನ್‌ನಿಂದ ಗೆಳೆಯರ ಚಿಕ್ಕ ವಿಮಾನದಲ್ಲಿ ಮನೆಯವರ ಜೊತೆ ಟೂಸಾನ್‌ಗೆ ಹೊರಟಿದ್ದರು. ವಿಮಾನದಲ್ಲಿ ಟಿವಿ ಇತ್ತು. ಹೆಂಡತಿ ಸತ್ತಳೆಂಬ ಸುದ್ದಿಯನ್ನು ಅವರು ಕೇಳಿದ್ದು ಆ ಟಿವಿಯಲ್ಲಿ. ವಿಮಾನದ ಶೌಚಾಲಯಕ್ಕೆ ಹೋಗಿ ಅತ್ತೆ ಎಂದು ಅವರೇ ಆಮೇಲೆ ಸಂದರ್ಶನದಲ್ಲಿ ಹೇಳಿದ್ದಾರೆ. ಸ್ವಲ್ಪ ಹೊತ್ತಿನ ಮೇಲೆ ಫೋನ್ ಮಾಡಿ ವಿಚಾರಿಸಿದಾಗ ಆಕೆ ಬದುಕಿದ್ದಾರೆ, ಶಸ್ತ್ರಚಿಕಿತ್ಸೆ ನಡೆಯುತ್ತಿದೆ ಎಂದು ತಿಳಿಯಿತು. ಗಿಫರ್ಡ್ಸ್ ಉಳಿದರು. ಎನ್‌ಪಿಆರ್ ಬಹಿರಂಗ ಕ್ಷಮೆ ಕೇಳಿತು, ಕೇಳುಗರ ದೂರು ವಿಚಾರಿಸುವ ಅದರದೇ ಓಂಬಡ್ಸ್‌ಮನ್ ಸಂಸ್ಥೆ ಎಲ್ಲಿ ಎಡವಿತು ಎಂದು ಬರೆದರು. ಆ ಬರಹದಿಂದಲೇ ನಮಗೆ ಇಂದು ಈ ಎರಡು ಮೂಲಗಳ ಕತೆ ಗೊತ್ತಿರುವುದು. ತಪ್ಪು ಹೇಗಾಯಿತೆಂದು ಹೀಗೆ ಬಿಡಿಸಿ ಬರೆದ ಕನ್ನಡದ ಸುದ್ದಿಸಂಸ್ಥೆಯೊಂದನ್ನು ನಾನು ಕಂಡಿಲ್ಲ.

ನಮ್ಮ ಕಡೆ ಸುದ್ದಿ ಹೇಗೆ ಸಾಗುತ್ತದೆ ಎಂಬುದನ್ನೂ ನೋಡೋಣ. ತಾಲ್ಲೂಕಿನಲ್ಲಿ ಅಪಘಾತವಾದರೆ ಮೊದಲು ತಿಳಿಯುವುದು ಅಲ್ಲಿನ ಸ್ಟ್ರಿಂಗರ್‌ಗೆ. ಅವರಲ್ಲಿ ಬಹಳ ಮಂದಿಗೆ ತಿಂಗಳ ಸಂಬಳವಿಲ್ಲ, ಕೊಟ್ಟ ಸುದ್ದಿಗೆ ಇಷ್ಟು ಎಂದು ದುಡಿಯುತ್ತಾರೆ. ಒಬ್ಬರೇ ಎರಡು ಮೂರು ಕಡೆಗೆ ಸುದ್ದಿ ಕೊಡುವುದೂ ಉಂಟು. ಅವರು ಠಾಣೆಗೋ ಆಸ್ಪತ್ರೆಗೋ ಫೋನ್ ಮಾಡಿ ಕೇಳಿದ ಮೊದಲ ಅಂಕಿ ಜಿಲ್ಲಾ ವರದಿಗಾರರ ವಾಟ್ಸ್ಯಾಪ್ ಗುಂಪಿಗೆ ಬೀಳುತ್ತದೆ. ಅಲ್ಲಿಂದ ಬೆಂಗಳೂರಿನ ಸುದ್ದಿಮನೆಯಲ್ಲಿ ಸುದ್ದಿ ಸ್ವೀಕರಿಸುವ ಇನ್‌ಪುಟ್ ಡೆಸ್ಕ್‌ಗೆ, ಅಲ್ಲಿಂದ ಪರದೆಯ ಮೇಲೆ ಮೂಡುವ ಬ್ರೇಕಿಂಗ್ ಪ್ಲೇಟ್‌ಗೆ. ಒಂದು ಚಾನೆಲ್‌ನಲ್ಲಿ ಪ್ಲೇಟ್ ಬಿದ್ದ ಕೂಡಲೇ ಉಳಿದ ಕಡೆಗಳಲ್ಲಿ ಕೇಳಿಬರುವ ಮಾತು ಒಂದೇ: 'ಅವರಲ್ಲಿ ಬಂತು, ನಮ್ಮಲ್ಲಿ ಯಾಕಿಲ್ಲ?' ಈ ಪ್ರಶ್ನೆಗೆ 'ಇನ್ನೂ ಖಚಿತವಾಗಿಲ್ಲ ಸರ್' ಎಂದು ಉತ್ತರಿಸಲು ಶಿಫ್ಟಿನಲ್ಲಿ ಕೂತ ಚಿಕ್ಕ ವಯಸ್ಸಿನ ಹುಡುಗನಿಗೋ ಹುಡುಗಿಗೋ ಧೈರ್ಯ ಬೇಕು. ಧೈರ್ಯ ಮಾಡಿದವರ ಬೆನ್ನಿಗೆ ಸಂಸ್ಥೆ ನಿಲ್ಲುತ್ತದೆ ಎಂಬ ಭರವಸೆಯೂ ಬೇಕು. ಎರಡೂ ಇಲ್ಲದ ಕಡೆ ಇನ್ನೊಂದು ಚಾನೆಲ್‌ನ ಪರದೆಯೇ ಮೂಲವಾಗುತ್ತದೆ. ಐದು ಚಾನೆಲ್‌ಗಳಲ್ಲಿ ಬಂದಿದೆ ಎಂದರೆ ಐದು ಜನ ವಿಚಾರಿಸಿದ್ದಾರೆ ಎಂದು ನೋಡುಗ ನಂಬುತ್ತಾನೆ. ವಿಚಾರಿಸಿದವನು ಒಬ್ಬನೇ, ಅವನೂ ಅರ್ಧ.

ಕೆಟ್ಟ ಸುದ್ದಿ ಮಾತ್ರ ಹೀಗೆ ತಪ್ಪುತ್ತದೆ ಎಂದುಕೊಳ್ಳಬಾರದು. ಒಳ್ಳೆಯ ಸುದ್ದಿ ತಪ್ಪಾದರೆ ಅದರ ಪೆಟ್ಟು ಇನ್ನೂ ದೊಡ್ಡದು. 2006ರ ಜನವರಿ 2ರ ಬೆಳಿಗ್ಗೆ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಸಾಗೊ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 13 ಕಾರ್ಮಿಕರು ಒಳಗೆ ಸಿಕ್ಕಿಕೊಂಡರು. ಮನೆಯವರೆಲ್ಲ ಹತ್ತಿರದ ಚರ್ಚ್‌ನಲ್ಲಿ ಸೇರಿ ಕಾಯುತ್ತಿದ್ದರು. ಮರುದಿನ ನಡುರಾತ್ರಿಯ ಹೊತ್ತಿಗೆ 12 ಮಂದಿ ಜೀವಂತ ಸಿಕ್ಕರು ಎಂಬ ಮಾತು ಚರ್ಚ್‌ಗೆ ಬಂತು. ಗಂಟೆ ಬಾರಿಸಿದರು, ಹಾಡಿದರು, ತಬ್ಬಿಕೊಂಡು ಅತ್ತರು. ರಾಜ್ಯದ ಗವರ್ನರ್ ಕೂಡ ಪವಾಡವೆಂದು ಸಂತೋಷಪಟ್ಟರು. ಪತ್ರಿಕೆಗಳ ಮುಖಪುಟ ಮುಗಿಸುವ ಹೊತ್ತು ಅದು. ಮರುದಿನ ಬೆಳಿಗ್ಗೆ ಅಮೆರಿಕದ ಹಲವು ಪತ್ರಿಕೆಗಳು 12 ಜನ ಬದುಕಿ ಬಂದರು ಎಂಬ ದೊಡ್ಡ ಅಕ್ಷರಗಳ ತಲೆಬರಹದೊಂದಿಗೆ ಮನೆಗಳ ಬಾಗಿಲಿಗೆ ಬಿದ್ದವು. ಅಷ್ಟರಲ್ಲಿ ನಿಜ ಹೊರಬಿದ್ದಿತ್ತು. ಬದುಕಿದ್ದವರು ಒಬ್ಬರೇ, ಸತ್ತವರು 12.

ಆಗಿದ್ದೇನು? ಗಣಿಯೊಳಗಿದ್ದ ರಕ್ಷಣಾ ಸಿಬ್ಬಂದಿ ಆಮ್ಲಜನಕದ ಮುಖವಾಡ ಹಾಕಿಕೊಂಡೇ ಮಾತಾಡಬೇಕಿತ್ತು. ಅವರ ಮಾತು ಒಬ್ಬರಿಂದೊಬ್ಬರಿಗೆ ದಾಟಿ ಮೇಲಿನ ನಿಯಂತ್ರಣ ಕೊಠಡಿಗೆ ಬರುವಾಗ ಅರ್ಥವೇ ತಿರುಗಿತ್ತು. ಕೊಠಡಿಯಲ್ಲಿ ಅದು ಎಲ್ಲರ ಕಿವಿಗೂ ಬಿತ್ತು, ಯಾರೋ ಮೊಬೈಲಿನಲ್ಲಿ ಹೊರಗೆ ಹೇಳಿದರು. ಪತ್ರಕರ್ತರು ಕುಟುಂಬಗಳ ಸಂತೋಷವನ್ನೇ ಪುರಾವೆ ಎಂದುಕೊಂಡರು. ಕುಟುಂಬಗಳು ಟಿವಿಯನ್ನು ನೋಡಿ ಇನ್ನಷ್ಟು ನಂಬಿದವು. ಸುದ್ದಿ ತಪ್ಪಿರಬಹುದು ಎಂದು ಗಣಿ ಕಂಪನಿಯ ಅಧಿಕಾರಿಗಳಿಗೆ ಬೇಗನೇ ಗೊತ್ತಾಗಿತ್ತು. ಪೂರ್ತಿ ಖಚಿತವಾಗಲಿ ಎಂದು ಕಾಯುತ್ತ ಕೂತರು. ಚರ್ಚ್‌ಗೆ ಹೋಗಿ ಹೇಳಿದ್ದು ಸುಮಾರು ಮೂರು ಗಂಟೆ ಕಳೆದ ಮೇಲೆ. ಮಾಧ್ಯಮದ ತಪ್ಪಿನ ಬಗ್ಗೆ ಮಾತಾಡುವಾಗ ಈ ಮೂರು ಗಂಟೆಯನ್ನು ಮರೆಯಬಾರದು. ಹೇಳಬೇಕಾದವರು ಬಾಯಿ ಮುಚ್ಚಿಕೊಂಡಿದ್ದರೆ ಗೊತ್ತಿಲ್ಲದವರ ಮಾತೇ ಸುದ್ದಿಯಾಗುತ್ತದೆ.

ಇಂಥದ್ದೇ ಆಸೆಯ ಸುದ್ದಿಗಳನ್ನು 2024ರ ಮಳೆಗಾಲದಲ್ಲಿ ನಾವು ಉತ್ತರ ಕನ್ನಡದಲ್ಲಿ ನೋಡಿದೆವು. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ಚಹಾದಂಗಡಿಯೊಂದು ಕುಟುಂಬ ಸಮೇತ ಕೊಚ್ಚಿಹೋಯಿತು. ಕೇರಳದ ಕೋಝಿಕ್ಕೋಡಿನ ಒಬ್ಬ ಲಾರಿ ಚಾಲಕ, ಮರದ ದಿಮ್ಮಿ ತುಂಬಿದ ಲಾರಿಯ ಸಮೇತ ಕಾಣೆಯಾದ. ಅವನ ಫೋನ್ ರಿಂಗಾಯಿತು ಎಂದು ಮನೆಯವರು ಹೇಳಿದರು. ಲಾರಿಯ ಜಿಪಿಎಸ್ ಮಣ್ಣು ಬಿದ್ದ ಜಾಗವನ್ನೇ ತೋರಿಸುತ್ತಿದೆ ಎಂಬ ಸುದ್ದಿ ಬಂತು. ಎಂಜಿನ್ ಚಾಲೂ ಆಗಿತ್ತಂತೆ, ಗಟ್ಟಿ ಕ್ಯಾಬಿನ್‌ನೊಳಗೆ ಜೀವ ಹಿಡಿದುಕೊಂಡು ಇದ್ದಾನಂತೆ ಎಂದು ಮಲಯಾಳಂ ಚಾನೆಲ್‌ಗಳು ದಿನವಿಡೀ ನೇರ ಪ್ರಸಾರ ಮಾಡಿದವು. ಕರ್ನಾಟಕ ಬೇಕೆಂದೇ ತಡಮಾಡುತ್ತಿದೆ ಎಂಬ ಸಿಟ್ಟು ಅಲ್ಲಿ ಎದ್ದಿತು. ನಮ್ಮವರನ್ನು ಯಾಕೆ ಬೈಯುತ್ತಾರೆ ಎಂಬ ಸಿಟ್ಟು ಇಲ್ಲಿ ಎದ್ದಿತು. ಮೊದಲ ದಿನಗಳ ಹುಡುಕಾಟದ ಹೆಚ್ಚಿನ ಪಾಲು ರಸ್ತೆಯ ಮೇಲಿನ ಮಣ್ಣಿನಲ್ಲೇ ನಡೆಯಿತು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಗಂಗಾವಳಿ ನದಿಯ ತಳದಲ್ಲಿ, ಗೋವಾದಿಂದ ಡ್ರೆಜರ್ ತರಿಸಿದ ಮೇಲೆ. ಚಾಲಕನ ದೇಹ ಕ್ಯಾಬಿನ್‌ನೊಳಗಿತ್ತು.

ಫೋನ್ ರಿಂಗಾಯಿತು ಎಂದು ಮನೆಯವರು ಹೇಳಿದ್ದರಲ್ಲಿ ಯಾವ ತಪ್ಪೂ ಇಲ್ಲ. ಮಗನಿಗಾಗಿ ಕಾಯುವ ತಾಯಿ ಅಷ್ಟನ್ನು ಹಿಡಿದುಕೊಂಡೇ ಬದುಕಬೇಕು. ಆದರೆ ಆ ಮಾತನ್ನು ತೆಗೆದುಕೊಂಡು ನೂರಾರು ಸಲ ಪ್ರಸಾರ ಮಾಡುವವರು ದೂರಸಂಪರ್ಕ ಎಂಜಿನಿಯರ್ ಒಬ್ಬರನ್ನು ಕೇಳಬಹುದಿತ್ತು: ಸ್ವಿಚ್ ಆಫ್ ಆದ ಫೋನಿಗೆ ಕರೆ ಮಾಡಿದಾಗ ನಮ್ಮ ಕಿವಿಗೆ ರಿಂಗ್ ಸದ್ದು ಕೇಳಬಹುದೇ? ಜಿಪಿಎಸ್ ಕೊನೆಯ ಸಲ ಕಳಿಸಿದ ಸ್ಥಳ ಎಷ್ಟು ಗಂಟೆಯದ್ದು? ಗುಡ್ಡ ಬೀಳುವ ಮುಂಚಿನದ್ದೇ, ಆಮೇಲಿನದ್ದೇ? ಮನೆಯವರ ಆಸೆಯನ್ನು ಗೌರವಿಸುತ್ತಲೇ ಈ ಪ್ರಶ್ನೆಗಳನ್ನು ಕೇಳಲು ಸಾಧ್ಯವಿತ್ತು.

ಇನ್ನು ಅಂಕಿಗಳ ವಿಷಯ. 2025ರ ಜೂನ್ 12ರ ಮಧ್ಯಾಹ್ನ ಅಹಮದಾಬಾದ್‌ನಿಂದ ಲಂಡನ್‌ಗೆ ಹಾರಿದ ಏರ್ ಇಂಡಿಯಾ 171 ವಿಮಾನ ಬಿ.ಜೆ. ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಮೇಲೆ ಬಿತ್ತು. ವಿಮಾನದಲ್ಲಿ 242 ಮಂದಿ ಇದ್ದರು. ಯಾರೂ ಉಳಿದಂತಿಲ್ಲ ಎಂದು ನಗರದ ಪೊಲೀಸ್ ಆಯುಕ್ತರು ಸುದ್ದಿಸಂಸ್ಥೆಗೆ ಹೇಳಿದರು, ಜಗತ್ತೆಲ್ಲ ಅದೇ ತಲೆಬರಹವಾಯಿತು. ಅದೇ ಹೊತ್ತಿನಲ್ಲಿ 11ಎ ಸೀಟಿನಲ್ಲಿದ್ದ ಒಬ್ಬ ಪ್ರಯಾಣಿಕ ಅವಶೇಷಗಳ ನಡುವಿನಿಂದ ತಾನೇ ನಡೆದು ಬಂದಿದ್ದ. ಆ ಆಯುಕ್ತರ ಮಾತನ್ನು ಇಂಗ್ಲಿಷಿನಲ್ಲಿ ಓದಿದರೆ 'ಉಳಿದಂತೆ ಕಾಣುತ್ತಿಲ್ಲ' ಎಂಬ ಧಾಟಿಯಿದೆ. ತಲೆಬರಹಗಳಲ್ಲಿ ಆ 'ಕಾಣುತ್ತಿಲ್ಲ' ಉಳಿಯಲಿಲ್ಲ.

ಆಮೇಲೆ ಸತ್ತವರ ಸಂಖ್ಯೆ. ಮೊದಲ ರಾತ್ರಿ 290ಕ್ಕೂ ಹೆಚ್ಚು ಎಂಬ ಅಂಕಿ ಬಂತು, ಆಮೇಲೆ 240ಕ್ಕೆ ಇಳಿಯಿತು, ಎರಡು ದಿನದಲ್ಲಿ 270ಕ್ಕೆ ಏರಿತು. ವಿಮಾನ ಅಪಘಾತ ತನಿಖಾ ಬ್ಯೂರೋದ ಪ್ರಾಥಮಿಕ ವರದಿಯ ಹೊತ್ತಿಗೆ ನಿಂತ ಲೆಕ್ಕ 260: ವಿಮಾನದಲ್ಲಿದ್ದ 241, ನೆಲದ ಮೇಲಿದ್ದ 19. ಸರ್ಕಾರ ಏನೋ ಮುಚ್ಚಿಡುತ್ತಿದೆ, ಅದಕ್ಕೇ ಅಂಕಿ ಬದಲಾಗುತ್ತಿದೆ ಎಂದು ಜನ ಮಾತಾಡಿಕೊಂಡರು. ನಿಜವಾದ ಕಾರಣ ಹೇಳಲು ಕಷ್ಟವಾಗುವಂಥದ್ದು. ಆ ಬೆಂಕಿಯಲ್ಲಿ ಇಡೀ ದೇಹಗಳು ಉಳಿದಿರಲಿಲ್ಲ. ಶವಾಗಾರಕ್ಕೆ ಬಂದ ಚೀಲಗಳನ್ನು ಎಣಿಸಿದರೆ ಒಂದು ಲೆಕ್ಕ, ಡಿಎನ್‌ಎ ಹೊಂದಿಸಿ ನೋಡಿದರೆ ಇನ್ನೊಂದು. ಒಡಿಶಾದ ಬಾಲಸೋರ್‌ನಲ್ಲಿ 2023ರ ಜೂನ್ 2ರಂದು ಮೂರು ರೈಲುಗಳು ಡಿಕ್ಕಿಯಾದಾಗಲೂ ಹೀಗೇ ಆಗಿತ್ತು. ಅದರಲ್ಲಿ ಒಂದು ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ರೈಲು, ಹಾಗಾಗಿ ನಮ್ಮ ಊರುಗಳಲ್ಲೂ ಜನ ಫೋನ್ ಹಿಡಿದು ಕೂತಿದ್ದರು. 288 ಎಂದಿದ್ದ ಸಾವಿನ ಸಂಖ್ಯೆಯನ್ನು ಕೆಲವು ದೇಹಗಳನ್ನು ಎರಡೆರಡು ಸಲ ಎಣಿಸಲಾಗಿದೆ ಎಂದು 275ಕ್ಕೆ ಇಳಿಸಿದರು, ಎರಡು ದಿನ ಬಿಟ್ಟು ಮತ್ತೆ 288 ಎಂದರು.

ಅಂಕಿ ಬದಲಾಗುವುದು ಸಹಜ, ಅದರಲ್ಲಿ ನಾಚಿಕೆಪಡುವಂಥದ್ದಿಲ್ಲ. ಈ ಅಂಕಿ ಯಾರು ಎಣಿಸಿದ್ದು, ಎಲ್ಲಿ ಎಣಿಸಿದ್ದು, ಎಷ್ಟು ಗಂಟೆಗೆ ಎಣಿಸಿದ್ದು ಎಂದು ಜೊತೆಗೇ ಹೇಳದಿರುವುದು ತೊಂದರೆ. 'ಸಂಜೆ ಆರರವರೆಗೆ ಸಿವಿಲ್ ಆಸ್ಪತ್ರೆಗೆ ಬಂದದ್ದು ಇಷ್ಟು, ಗುರುತು ಪತ್ತೆಯಾದ ಮೇಲೆ ಇದು ಬದಲಾಗುತ್ತದೆ' ಎಂದು ಹೇಳಿದ್ದರೆ ಮರುದಿನ ಇಳಿದ ಅಂಕಿ ಯಾರಿಗೂ ಸಂಚಿನಂತೆ ಕಾಣುತ್ತಿರಲಿಲ್ಲ. ದೊಡ್ಡ ಅಂಕಿಯನ್ನು ಮೊದಲು ಕೊಟ್ಟವರೇ ಮುಂದು ಎಂಬಂತೆ ಹರಾಜು ಕೂಗುವುದನ್ನು ಮಾತ್ರ ನನಗೆ ಸಹಿಸಲಾಗುವುದಿಲ್ಲ. ಪರದೆಯ ಮೇಲೆ ಏರುವ ಒಂದೊಂದು ಅಂಕಿಯನ್ನೂ ಯಾರೋ ಒಬ್ಬರು 'ಅದರಲ್ಲಿ ನಮ್ಮವರಿದ್ದಾರೆಯೇ' ಎಂದು ನೋಡುತ್ತ ಕೂತಿರುತ್ತಾರೆ.

ಸಾವಿನ ಲೆಕ್ಕ ಮುಗಿಯುವ ಮೊದಲೇ ಕಾರಣದ ಚರ್ಚೆ ಶುರುವಾಗುತ್ತದೆ. 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದಾಗ 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಮೊದಲ ದಿನದಿಂದಲೇ ಬಜಪೆ ವಿಮಾನ ನಿಲ್ದಾಣದ ಟೇಬಲ್ ಟಾಪ್ ರನ್‌ವೇ, ಅಂದರೆ ಗುಡ್ಡದ ತಲೆಯ ಮೇಲಿನ ರನ್‌ವೇ, ಅಪರಾಧಿಯಂತೆ ಕಟಕಟೆಯಲ್ಲಿ ನಿಂತಿತು. ತನಿಖೆ ಮುಗಿದಾಗ ಸಿಕ್ಕ ಮುಖ್ಯ ಕಾರಣ ಬೇರೆ. ವಿಮಾನ ಸರಿಯಾದ ಎತ್ತರ, ವೇಗದಲ್ಲಿ ಇಳಿಯುತ್ತಿರಲಿಲ್ಲ. ಸಹ ಪೈಲಟ್ ಮೂರು ಸಲ ಎಚ್ಚರಿಸಿದರೂ ಕ್ಯಾಪ್ಟನ್ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಲಿಲ್ಲ. ಹಾರಾಟದಲ್ಲಿ ಬಹಳ ಹೊತ್ತು ಕ್ಯಾಪ್ಟನ್ ನಿದ್ದೆಯಲ್ಲಿದ್ದದ್ದೂ ಬೆಳಕಿಗೆ ಬಂತು. ಈ ಸತ್ಯ ತಿಳಿಯಲು ಕಪ್ಪು ಪೆಟ್ಟಿಗೆ ಬಿಚ್ಚಬೇಕಿತ್ತು, ತಿಂಗಳುಗಳು ಬೇಕಿತ್ತು. ಸಂಜೆಯ ಪ್ಯಾನೆಲ್ ಚರ್ಚೆಯಲ್ಲಿ ಅದು ಸಿಗುವಂತಿರಲಿಲ್ಲ.

ಏರ್ ಇಂಡಿಯಾ 171ರ ವಿಷಯದಲ್ಲಿ ಇದು ಇನ್ನೂ ಕಹಿಯಾಯಿತು. ಒಂದು ತಿಂಗಳಿಗೆ ಬಂದ ಪ್ರಾಥಮಿಕ ವರದಿಯಲ್ಲಿ ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಒಂದು ಸೆಕೆಂಡಿನ ಅಂತರದಲ್ಲಿ ಬಂದ್ ಸ್ಥಾನಕ್ಕೆ ಹೋದವು ಎಂದಿತ್ತು. ಯಾಕೆ ಬಂದ್ ಮಾಡಿದೆ ಎಂದು ಒಬ್ಬ ಪೈಲಟ್ ಕೇಳಿದ್ದು, ನಾನು ಮಾಡಿಲ್ಲ ಎಂದು ಇನ್ನೊಬ್ಬರು ಹೇಳಿದ್ದು ಇತ್ತು. ಕೇಳಿದವರು ಯಾರು, ಹೇಳಿದವರು ಯಾರು ಎಂದು ವರದಿ ಹೇಳಿರಲಿಲ್ಲ. ಕೆಲವೇ ದಿನಗಳಲ್ಲಿ ವಿದೇಶಿ ಪತ್ರಿಕೆಗಳು ಹೆಸರಿಲ್ಲದ ಮೂಲಗಳನ್ನು ಹಿಡಿದು ಒಬ್ಬ ಪೈಲಟ್ ಕಡೆಗೆ ಬೆರಳು ತೋರಿಸಿದವು, ನಮ್ಮ ಚಾನೆಲ್‌ಗಳು ಅದನ್ನು ಎತ್ತಿಕೊಂಡವು. ಇಂಥ ವರದಿಗಳು ಅವಸರದವು, ಊಹೆಯವು ಎಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ಮುಖ್ಯಸ್ಥೆಯೇ ಹೇಳಬೇಕಾಯಿತು. ಆ ಪೈಲಟ್‌ನ 91 ವರ್ಷದ ತಂದೆ ಸುಪ್ರೀಂ ಕೋರ್ಟ್‌ಗೆ ಹೋದರು. ನಿಮ್ಮ ಮಗನನ್ನು ಯಾರೂ ದೂಷಿಸಲಾಗದು, ಆ ಭಾರ ಹೊರಬೇಡಿ ಎಂದು 2025ರ ನವೆಂಬರ್‌ನಲ್ಲಿ ನ್ಯಾಯಾಲಯ ಅವರಿಗೆ ಹೇಳಿತು. ಕೊನೆಯ ವರದಿ ಏನೇ ಹೇಳಲಿ, ಮಗನನ್ನು ಕಳೆದುಕೊಂಡ ಆ ವಯಸ್ಸಿನ ಮನುಷ್ಯ ಕೋರ್ಟಿನ ಮೆಟ್ಟಿಲು ಹತ್ತುವಂತೆ ಮಾಡಿದ್ದು ಅವಸರ.

ಪುನೀತ್ ರಾಜ್‌ಕುಮಾರ್ ತೀರಿಕೊಂಡ 2021ರ ಅಕ್ಟೋಬರ್ 29ರ ನಂತರದ ವಾರವನ್ನು ಯಾರೂ ಮರೆತಿರಲಾರರು. ಜಿಮ್ ಕಾರಣವೇ, ಮೊದಲು ನೋಡಿದ ವೈದ್ಯರು ತಡಮಾಡಿದರೇ ಎಂದು ದಿನವಿಡೀ ಚರ್ಚೆ ನಡೆಯಿತು. ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಎದೆ ಪರೀಕ್ಷಿಸಿಕೊಳ್ಳಲು ಯುವಕರ ಸಾಲು ಬೆಳೆಯಿತು. ಕುಟುಂಬ ವೈದ್ಯರ ಮನೆಗೆ, ಕ್ಲಿನಿಕ್‌ಗೆ ಪೊಲೀಸ್ ಕಾವಲು ಹಾಕಬೇಕಾಯಿತು. ಅಭಿಮಾನಿಗಳ ದುಃಖಕ್ಕೆ ಒಬ್ಬ ಅಪರಾಧಿ ಬೇಕಿತ್ತು, ಪರದೆ ಅದನ್ನು ಒದಗಿಸಿತು.

ಇದಕ್ಕಿಂತ ದೊಡ್ಡ ಅನ್ಯಾಯ 2025ರ ಮೇ 7ರಂದು ಜಮ್ಮುವಿನ ಪೂಂಛ್‌ನಲ್ಲಿ ನಡೆಯಿತು. ಗಡಿಯಾಚೆಯಿಂದ ಬಂದ ಶೆಲ್ ದಾಳಿಯಲ್ಲಿ ಮದರಸಾದಲ್ಲಿ ಪಾಠ ಹೇಳುವ ಒಬ್ಬ ಶಿಕ್ಷಕ ಸತ್ತರು. ಕೆಲವು ರಾಷ್ಟ್ರೀಯ ಚಾನೆಲ್‌ಗಳು ಅವರ ಫೋಟೊ ಹಾಕಿ, ನಮ್ಮ ಸೇನೆ ಕೊಂದ ಭಯೋತ್ಪಾದಕ ಎಂದವು. ಪೂಂಛ್ ಪೊಲೀಸರು ಅದು ಸುಳ್ಳೆಂದು ಹೇಳಿಕೆ ಕೊಟ್ಟರು. ಚಾನೆಲ್‌ಗಳು ಆಮೇಲೆ ಕ್ಷಮೆ ಕೇಳಿದವು. ವಿಷಯ ಕೋರ್ಟಿಗೆ ಹೋಗಿ ಎಫ್‌ಐಆರ್ ದಾಖಲಿಸಲು ಆದೇಶವೂ ಆಯಿತು. ಶತ್ರುವಿನ ಶೆಲ್ಲಿಗೆ ಬಲಿಯಾದ ಮನುಷ್ಯನನ್ನು ಅವನ ದೇಶದ ಟಿವಿಯೇ ಶತ್ರು ಎಂದಿತು. ಮನೆಯವರು ಇನ್ನೂ ಹೆಣದ ಮುಂದೆ ಕೂತಿದ್ದಾಗ.

ಅವಸರ ಅನಿವಾರ್ಯ, ಟಿಆರ್‌ಪಿ ಬೇಕಲ್ಲ ಎನ್ನುವವರಿಗೆ ಒಂದು ವಿಷಯ ಹೇಳಬೇಕು. 2020ರ ಟಿಆರ್‌ಪಿ ಹಗರಣದ ನಂತರ ನಿಂತುಹೋಗಿದ್ದ ಸುದ್ದಿ ಚಾನೆಲ್‌ಗಳ ರೇಟಿಂಗ್ 2022ರ ಮಾರ್ಚ್‌ನಲ್ಲಿ ಮತ್ತೆ ಶುರುವಾದದ್ದು ನಾಲ್ಕು ವಾರಗಳ ಸರಾಸರಿ ಲೆಕ್ಕದಲ್ಲಿ. ನಾಲ್ಕು ವಾರದ ಸರಾಸರಿಯಲ್ಲಿ ಒಂದು ಸಾವಿನ ಸುದ್ದಿಯನ್ನು ಎರಡು ನಿಮಿಷ ಮೊದಲು ಕೊಟ್ಟದ್ದು ಎಷ್ಟು ತೂಗೀತು? ನೋಡುಗನ ಮನೆಯಲ್ಲಿ ಒಂದೇ ಟಿವಿ. ಯಾರು ಮೊದಲು ಕೊಟ್ಟರು ಎಂದು ಅಕ್ಕಪಕ್ಕ ಇಟ್ಟು ನೋಡುವವರು ಸುದ್ದಿಮನೆಯೊಳಗೆ ಗೋಡೆಯ ತುಂಬ ಟಿವಿ ಇಟ್ಟುಕೊಂಡವರು ಮಾತ್ರ. ಈ ಓಟದ ಪ್ರೇಕ್ಷಕರೂ ಅವರೇ, ಓಟಗಾರರೂ ಅವರೇ.

ಇನ್ನೊಂದು ವಾದಕ್ಕೆ ತೂಕವಿದೆ. ನಾವು ಸುಮ್ಮನಿದ್ದರೆ ವಾಟ್ಸ್ಯಾಪ್ ಸುಮ್ಮನಿರುವುದಿಲ್ಲ, ಖಾಲಿ ಜಾಗವನ್ನು ವದಂತಿ ತುಂಬುತ್ತದೆ ಎನ್ನುತ್ತಾರೆ. ನಿಜ. ಬಾಲಸೋರ್ ದುರಂತದ ಮರುದಿನವೇ ಹಳಿಯ ಪಕ್ಕದ ಒಂದು ಕಟ್ಟಡದ ಫೋಟೊಗೆ ಗುರುತು ಹಾಕಿ ಮಸೀದಿಯೆಂದು ಹಬ್ಬಿಸಿದರು. ಅದು ಇಸ್ಕಾನ್ ದೇವಸ್ಥಾನ. ಕೋಮು ಬಣ್ಣ ಬಳಿಯಬೇಡಿ ಎಂದು ಒಡಿಶಾ ಪೊಲೀಸರು ಎಚ್ಚರಿಸಬೇಕಾಯಿತು. ಹಾಗಾಗಿ ಸುಮ್ಮನಿರಿ ಎಂದು ನಾನು ಹೇಳುತ್ತಿಲ್ಲ. ಗೊತ್ತಿರುವುದು ಇಷ್ಟು, ಇದನ್ನು ಹೇಳಿದವರು ಇವರು, ಇದಿನ್ನೂ ಗೊತ್ತಿಲ್ಲ, ವಾಟ್ಸ್ಯಾಪ್‌ನಲ್ಲಿ ಓಡಾಡುತ್ತಿರುವ ಇಂಥ ಮಾತನ್ನು ವಿಚಾರಿಸಿದ್ದೇವೆ, ಅದಕ್ಕೆ ಆಧಾರ ಸಿಕ್ಕಿಲ್ಲ ಎಂದು ಹೇಳಲು ಇಪ್ಪತ್ತು ಸೆಕೆಂಡ್ ಸಾಕು. ಸಹಾಯವಾಣಿ ಸಂಖ್ಯೆ, ಗಾಯಾಳುಗಳನ್ನು ಯಾವ ಆಸ್ಪತ್ರೆಗೆ ಸೇರಿಸಿದ್ದಾರೆ, ರಕ್ತ ಎಲ್ಲಿ ಬೇಕಾಗಿದೆ, ಯಾವ ರಸ್ತೆ ಬಂದ್ ಆಗಿದೆ: ಮೊದಲ ಗಂಟೆಯಲ್ಲಿ ಮನೆಯವರಿಗೆ ಬೇಕಿರುವುದು ಇವು. ಇವನ್ನು ಎಷ್ಟು ಬೇಗ ಕೊಟ್ಟರೂ ಒಳ್ಳೆಯದೇ.

ಕೊನೆಯದಾಗಿ ತಿದ್ದುಪಡಿಯ ಮಾತು. ನಮ್ಮಲ್ಲಿ ತಪ್ಪು ಸುದ್ದಿ ತಿದ್ದುವುದೆಂದರೆ ಸ್ಕ್ರೋಲ್ ಮಾಯವಾಗುವುದು, ವೆಬ್‌ಸೈಟ್‌ನಲ್ಲಿ ತಲೆಬರಹ ಸದ್ದಿಲ್ಲದೆ ಬದಲಾಗುವುದು. ಟಿವಿ ಚಾನೆಲ್‌ಗಳೇ ಕಟ್ಟಿಕೊಂಡಿರುವ ಸ್ವಯಂ ನಿಯಂತ್ರಣ ಸಂಸ್ಥೆ ಎನ್‌ಬಿಡಿಎಸ್‌ಎಗೆ ದೂರು ಕೊಡಬಹುದು, ಅದೂ ಚಾನೆಲ್ ಅದರ ಸದಸ್ಯನಾಗಿದ್ದರೆ. ಅದಕ್ಕೂ ಮೊದಲು ಪ್ರಸಾರವಾದ ಏಳು ದಿನದೊಳಗೆ ಚಾನೆಲ್‌ಗೇ ದೂರು ಕೊಟ್ಟಿರಬೇಕು. ಏಳು ದಿನ! ಸಾವಿನ ಮನೆಯಲ್ಲಿ ಆಗ ಸೂತಕವೂ ಕಳೆದಿರುವುದಿಲ್ಲ. ಹನ್ನೊಂದನೆಯ ದಿನದ ತಿಥಿಗೆ ನೆಂಟರು ಬರುವ ಹೊತ್ತಿಗೆ ದೂರಿನ ಗಡುವು ಮುಗಿದಿರುತ್ತದೆ. ಗಡುವಿನೊಳಗೆ ಕೊಟ್ಟು ಗೆದ್ದರೂ ಚಾನೆಲ್‌ಗೆ ಬೀಳುತ್ತಿದ್ದ ದಂಡ ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ. ಇಷ್ಟು ಸಣ್ಣ ದಂಡಕ್ಕೆ ಯಾರು ಹೆದರುತ್ತಾರೆ ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇಳಿತ್ತು.

ದುರಂತದಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ಈ ಏಳು ದಿನದ ಗಡುವನ್ನು ಕನಿಷ್ಠ ಮೂರು ತಿಂಗಳಿಗೆ ಹೆಚ್ಚಿಸಬೇಕು. ಅವರ ಪರವಾಗಿ ಬೇರೆಯವರು ಕೊಡುವ ದೂರಿಗೂ ಅದೇ ಅವಕಾಶ ಬೇಕು. ತಪ್ಪು ಸುದ್ದಿ ಒಂಬತ್ತರ ಬುಲೆಟಿನ್‌ನಲ್ಲಿ ಬಂದಿದ್ದರೆ ತಿದ್ದುಪಡಿಯೂ ಒಂಬತ್ತರ ಬುಲೆಟಿನ್‌ನಲ್ಲಿ, ನಿರೂಪಕರ ಬಾಯಿಂದಲೇ ಬರಬೇಕು. ವೆಬ್‌ಸೈಟ್‌ನಲ್ಲಿ ಏನಿತ್ತು, ಏನು ಬದಲಾಯಿಸಿದೆವು, ಎಷ್ಟು ಗಂಟೆಗೆ ಎಂದು ಅದೇ ಪುಟದಲ್ಲಿ ಬರೆದಿರಬೇಕು. ಇನ್ನು ಮೊಬೈಲ್ ನೋಟಿಫಿಕೇಶನ್. 'ಇನ್ನಿಲ್ಲ' ಎಂಬ ಸಂದೇಶ ಯಾವ ಯಾವ ಫೋನ್‌ಗೆ ಹೋಗಿತ್ತೋ ಆ ದಾಖಲೆ ಸಂಸ್ಥೆಯ ಬಳಿಯೇ ಇರುತ್ತದೆ. 'ನಾವು ಹೇಳಿದ್ದು ತಪ್ಪು, ಅವರು ಬದುಕಿದ್ದಾರೆ' ಎಂಬ ಸಂದೇಶವನ್ನು ಅದೇ ಫೋನ್‌ಗಳಿಗೆ ಅದೇ ವೇಗದಲ್ಲಿ ಕಳಿಸಲು ಹೊಸ ಯಂತ್ರವೂ ಬೇಡ, ಹೊಸ ಕಾನೂನೂ ಬೇಡ.